ಅಟ್ಟಕ್ಕೊಂದು ಬೆಳಕಿಂಡಿ: ಹಂಚು ತೆಗೆಯುವ ಮೊದಲು

ಕುಂಬಳೆ, ಸೀತಾಂಗೋಳಿ, ಬದಿಯಡ್ಕದ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ಅಟ್ಟ ಕತ್ತಲೆಯಾಗಿರುವುದಕ್ಕೆ ಕಾರಣವಿತ್ತು. ಅದು ಮನುಷ್ಯರು ಕೂರುವ ಜಾಗವೇ ಆಗಿರಲಿಲ್ಲ. ಸುಲಿದ ಅಡಿಕೆ, ಕಾಳುಮೆಣಸು, ತೆಂಗಿನಕಾಯಿ, ಬಿತ್ತನೆಯ ಭತ್ತ, ಮದುವೆ ಮುಂಜಿಗೆ ಮಾತ್ರ ಕೆಳಗಿಳಿಯುವ ಚರಿಗೆ ಕಡಾಯಿಗಳು ಇದ್ದದ್ದು ಅಲ್ಲಿ. ಕೆಳಗಿನ ಒಲೆಯ ಹೊಗೆ ಮೇಲೇರಿ, ಪಕ್ಕಾಸು ರೀಪುಗಳಿಗೆಲ್ಲ ಕರಿ ಹಿಡಿಸಿ, ಹಂಚಿನ ಸಂದಿಯಿಂದ ಹೊರಹೋಗುತ್ತಿತ್ತು. ಆ ಹೊಗೆಯಿಂದಾಗಿ ಧಾನ್ಯಕ್ಕೂ ಮರಕ್ಕೂ ಹುಳ ಸುಲಭಕ್ಕೆ ಹತ್ತುತ್ತಿರಲಿಲ್ಲ.

ಈಗ ಅಡುಗೆಮನೆಗೆ ಗ್ಯಾಸ್ ಬಂದಿದೆ, ಅಡಿಕೆ ನೇರ ಮಂಡಿಗೆ ಹೋಗುತ್ತದೆ, ಅಟ್ಟ ಖಾಲಿ ಬಿದ್ದಿದೆ. ಬೆಂಗಳೂರಿನ ಕಂಪೆನಿಗೆ ಮನೆಯಿಂದಲೇ ದುಡಿಯುವ ಮಗನಿಗೆ ಒಂದು ಕೋಣೆ ಬೇಕು, ಮಕ್ಕಳಿಗೆ ಓದಲು ಒಂದು ಮೂಲೆ ಬೇಕು. ಮಾಡಿಗೆ ಕಿಟಕಿ ಇಟ್ಟರಾಯಿತು ಎಂಬ ಯೋಚನೆ ಬರುವುದು ಆಗ. ವಿಡಿಯೋಗಳಲ್ಲಿ ಚೆಂದವಾಗಿಯೇ ಕಾಣುತ್ತದೆ: ಇಳಿಜಾರು ಮಾಡು, ಅದರಲ್ಲೊಂದು ದೊಡ್ಡ ಗಾಜು, ಕೆಳಗೆ ಹಾಸಿಗೆ, ಮೇಲೆ ಆಕಾಶ. ಆ ಚಿತ್ರಗಳು ಬಹುಪಾಲು ಬಿಸಿಲಿಗಾಗಿ ಹಂಬಲಿಸುವ ದೇಶಗಳವು. ಇಂದು ನಾವು ಕಾಣುವ ಮಾಡಿನ ಕಿಟಕಿಯನ್ನು ಜಗತ್ತಿಗೆ ಹಬ್ಬಿಸಿದ ವೆಲಕ್ಸ್ ಕಂಪೆನಿಯನ್ನು ವಿಲ್ಲುಂ ಕಾನ್ ರಾಸ್ಮುಸೆನ್ ಎಂಬ ಎಂಜಿನಿಯರ್ 1941ರಲ್ಲಿ ಕಟ್ಟಿದ್ದು ಡೆನ್ಮಾರ್ಕಿನಲ್ಲಿ. ಅಲ್ಲಿ ಚಳಿಗಾಲದ ಸೂರ್ಯ ಮಧ್ಯಾಹ್ನದಲ್ಲೂ ದಿಗಂತ ಬಿಟ್ಟು ಹೆಚ್ಚು ಮೇಲೇರುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಉಳಿದ ತಿಂಗಳು ಬಿಸಿಲು ನೆತ್ತಿ ಸುಡುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಅಟ್ಟಕ್ಕೆ ಬೆಳಕು ಮಾತ್ರ ಬೇಕಿದ್ದರೆ ಕಿಟಕಿಯ ಖರ್ಚು ದಂಡ, ಗಾಜಿನ ಹಂಚು ಸಾಕು. ಕಿಟಕಿ ಬೇಕಾಗುವುದು ಕಾದ ಗಾಳಿಯನ್ನು ಹೊರಗೆ ಬಿಡಲು. ಆ ಗಾಳಿಗೆ ಮುಖಗೋಡೆಯಲ್ಲಿ ದಾರಿ ಸಿಗುವುದಾದರೆ ಮಾಡಿಗೆ ಕೈಹಾಕಲೇಬೇಡಿ.

ಮುಖಗೋಡೆಯೆಂದರೆ ಎರಡು ಇಳಿಜಾರಿನ ಮಾಡಿನ ತುದಿಯಲ್ಲಿ ನಿಲ್ಲುವ ತ್ರಿಕೋನದ ಗೋಡೆ. ಕೇರಳದ ಹಳೆಯ ಮನೆಗಳಲ್ಲೂ ದೇವಸ್ಥಾನಗಳಲ್ಲೂ ಅಲ್ಲಿ ಮರದ ಪಟ್ಟಿಗಳ ಜಾಲಿ ಇರುತ್ತದೆ. ಕಾದ ಗಾಳಿ ಅಲ್ಲಿಂದಲೇ ಹೊರಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಬಾವಲಿ, ಹೆಗ್ಗಣಗಳ ಕಾಟಕ್ಕೆ ಬೇಸತ್ತು ಅದಕ್ಕೆ ಹಲಗೆಯನ್ನೋ ತಗಡನ್ನೋ ಹೊಡೆದು ಮುಚ್ಚಿಬಿಟ್ಟಿದ್ದಾರೆ. ಅದನ್ನು ತೆಗೆದು ಸಣ್ಣ ಕಣ್ಣಿನ ಸ್ಟೀಲ್ ಬಲೆ ಹಾಕಿ ಒಂದು ಬೇಸಿಗೆ ಇದ್ದು ನೋಡಿ. ಮುಖಗೋಡೆ ಕೆಂಪುಕಲ್ಲಿನದಾಗಿ ಪೂರ್ತಿ ಮುಚ್ಚಿದ್ದರೂ ಚಿಂತೆಯಿಲ್ಲ. ಕಲ್ಲು ಕೊರೆದು, ಮೇಲೊಂದು ಲಿಂಟಲ್ ಕೊಟ್ಟು ಸಾಮಾನ್ಯ ಕಿಟಕಿ ಇಡಲು ಊರಿನ ಯಾವ ಮೇಸ್ತ್ರಿಗೂ ಬರುತ್ತದೆ. ಸೂರಿನ ನೆರಳಿನಲ್ಲಿ ನಿಂತ ಗೋಡೆಯ ಕಿಟಕಿ ಸೋರುವ ಸಂಭವ ಬಹಳ ಕಡಿಮೆ.

ಅದು ಸಾಧ್ಯವಿಲ್ಲದ ಮನೆಗಳೂ ಇವೆ. ನಾಲ್ಕೂ ಕಡೆ ಇಳಿಜಾರಾದ ಮಾಡಿಗೆ ಮುಖಗೋಡೆಯೇ ಇರುವುದಿಲ್ಲ. ಕೆಲವು ಕಡೆ ಪಕ್ಕದ ಮನೆ ಅಂಟಿಕೊಂಡೇ ಇರುತ್ತದೆ. ಮುಂದಿನ ಮಾತು ಅಂಥವರಿಗೆ.

ಬಿಸಿಲು ಯಾವ ಕಡೆಯಿಂದ, ಮಳೆ ಯಾವ ಕಡೆಯಿಂದ

‘ಉತ್ತರಕ್ಕೆ ಗಾಜು ಇಡಿ, ತಂಪು ಬೆಳಕು ಬರುತ್ತದೆ’ ಎಂದು ಪುಸ್ತಕಗಳು ಹೇಳುತ್ತವೆ. ಕುಂಬಳೆ ಇರುವುದು ಸುಮಾರು 12.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ಮೂರನೆಯ ವಾರದವರೆಗೆ ಅವನ ಸಂಚಾರ ನಮ್ಮ ಉತ್ತರಕ್ಕೆ. ಮೇ ತಿಂಗಳ ಉರಿಬಿಸಿಲಿನಲ್ಲಿ ಉತ್ತರದ ಇಳಿಜಾರಿಗೇ ನೇರ ಬಿಸಿಲು ಹೆಚ್ಚು ಬೀಳುತ್ತದೆ. ದಕ್ಷಿಣದ ಇಳಿಜಾರಿನ ಕಥೆ ಬೇರೆ: ಡಿಸೆಂಬರಿನಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮ ಹಂಚಿನ ಮಾಡಿನ ಇಳಿಜಾರು ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸು. ಅಂದರೆ ಆ ಗಾಜಿಗೆ ಬಿಸಿಲು ಎದುರಾಬದುರಾಗಿ ಹೊಡೆಯುತ್ತದೆ. ಪಶ್ಚಿಮದ್ದಂತೂ ಸಂಜೆಯ ಶಿಕ್ಷೆ, ಆ ಹೊತ್ತಿಗೆ ಹಂಚೂ ಕಾದಿರುತ್ತದೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೀಸುವುದು ಕಡಲ ಕಡೆಯಿಂದ, ಪಶ್ಚಿಮ ಮತ್ತು ನೈರುತ್ಯದಿಂದ. ಹನಿ ನೇರ ಬೀಳದೆ ಅಡ್ಡ ಹೊಡೆಯುತ್ತದೆ, ಹಂಚಿನ ಮೇಲೆ ಕೆಳಗಿನಿಂದ ಮೇಲಕ್ಕೂ ಒತ್ತಿ ನುಗ್ಗುತ್ತದೆ. ಕೊಯಿಪ್ಪಾಡಿಯ ಕಡಲ ಬದಿಯ ಮನೆಯವರಿಗೆ ಈ ಎರಚಲನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನ್ನೂ ಕೂಡಿಸಿ ನೋಡಿದರೆ ನಮ್ಮಲ್ಲಿ ಮಾಡಿನ ಕಿಟಕಿಗೆ ಒಳ್ಳೆಯ ಜಾಗ ಪೂರ್ವದ ಇಳಿಜಾರು. ಬೆಳಗಿನ ಬಿಸಿಲು ಬಂದರೂ ಹನ್ನೊಂದು ಗಂಟೆಯ ಮೇಲೆ ಅದರ ಕೋನ ಬದಲಾಗುತ್ತದೆ, ಎರಚಲು ಬೆನ್ನಿಗೆ ಬೀಳುತ್ತದೆ. ಅದು ಬಿಟ್ಟರೆ ಉತ್ತರ, ಆದರೆ ಮೇ ತಿಂಗಳಿಗೆ ಹೊರಗಿನಿಂದ ನೆರಳು ಕಟ್ಟುವ ಏರ್ಪಾಡಿನೊಂದಿಗೆ. ದಕ್ಷಿಣ ಆಮೇಲಿನ ಮಾತು. ಪಶ್ಚಿಮಕ್ಕೆ ಇಡಲೇಬೇಡಿ, ಕಡಲು ಕಾಣುತ್ತದೆ ಎಂಬ ಆಸೆಗೂ ಬೇಡ.

ಗಾತ್ರ ಎಷ್ಟು? ಬಿರುಬಿಸಿಲಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಶಾಖ ಹೆಚ್ಚುಕಡಿಮೆ 1,000 ವಾಟ್. ಸಾದಾ ಗಾಜು ಅದರಲ್ಲಿ ಮುಕ್ಕಾಲು ಪಾಲನ್ನು ಒಳಗೆ ಬಿಡುತ್ತದೆ. ಒಂದು ಚದರ ಮೀಟರ್ ಗಾಜು ಇಟ್ಟರೆ ಮಧ್ಯಾಹ್ನವಿಡೀ ಒಂದು ಇಸ್ತ್ರಿಪೆಟ್ಟಿಗೆ ಹೊತ್ತಿಸಿಟ್ಟಂತೆ. ಅಂಗಳದಲ್ಲಿ ಪ್ಲಾಸ್ಟಿಕ್ ಹೊದೆಸಿ ಅಡಿಕೆ ಒಣಗಿಸುವ ಸೋಲಾರ್ ಮನೆಯೊಳಗೆ ಏಪ್ರಿಲ್‌ನಲ್ಲಿ ಐದು ನಿಮಿಷ ನಿಂತವರಿಗೆ ಈ ಲೆಕ್ಕ ಬೇಕಾಗಿಯೇ ಇಲ್ಲ. ಹತ್ತು ಹನ್ನೆರಡು ಚದರ ಮೀಟರಿನ ಅಟ್ಟಕ್ಕೆ ತೆರೆಯುವ ಕಿಟಕಿ ಅರ್ಧ ಚದರ ಮೀಟರ್ ಇದ್ದರೆ ಧಾರಾಳ.

ಗಾಜಿನ ಹಂಚಿನ ಹಾದಿ

ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮ ಕರಾವಳಿಯ ಮುಳಿಹುಲ್ಲು, ಸೋಗೆಯ ಮಾಡುಗಳು ಒಂದೊಂದಾಗಿ ಕೆಂಪಾದವು. ಆ ಹಂಚಿನ ಗುಣವೆಂದರೆ ಒಂದರ ತುಟಿ ಇನ್ನೊಂದರ ತೋಡಿನಲ್ಲಿ ಕೂತು ಬೀಗ ಬಿದ್ದಂತೆ ನಿಲ್ಲುವುದು. ಅದೇ ಅಚ್ಚಿನ ಗಾಜಿನ ಹಂಚೂ ಸಿಗುತ್ತದೆ. ಒಂದು ಮಣ್ಣಿನ ಹಂಚು ತೆಗೆದು ಅದೇ ಜಾಗಕ್ಕೆ ಗಾಜಿನದನ್ನು ಕೂರಿಸಿದರೆ ಮುಗಿಯಿತು. ಪಕ್ಕಾಸು ಕಡಿಯುವುದಿಲ್ಲ, ತಗಡು ಬಗ್ಗಿಸುವುದಿಲ್ಲ.

ಇಲ್ಲಿ ಒಂದೇ ಒಂದು ಎಚ್ಚರಿಕೆ, ಅದನ್ನು ಬಹಳ ಜನ ಮರೆಯುತ್ತಾರೆ. ಹಂಚುಗಳೆಲ್ಲ ನೋಡಲು ಒಂದೇ ಥರ, ಅಳತೆ ಒಂದೇ ಅಲ್ಲ. ಭಾರತೀಯ ಮಾನಕದಲ್ಲೇ ಮಂಗಳೂರು ಹಂಚಿಗೆ 410 ಮಿಲಿಮೀಟರಿನಿಂದ 425ರವರೆಗೆ ಬೇರೆಬೇರೆ ಉದ್ದಗಳಿವೆ, ಅಗಲಗಳಲ್ಲೂ ವ್ಯತ್ಯಾಸವಿದೆ. ಹಳೆಯ ಹಂಚೊಂದನ್ನು ಮಗುಚಿ ನೋಡಿ: ಕಾರ್ಖಾನೆಯ ಹೆಸರು, ಗುರುತು ಅಚ್ಚೊತ್ತಿರುತ್ತದೆ. ಎಷ್ಟೋ ಮಾಡುಗಳಲ್ಲಿ ವರ್ಷವರ್ಷದ ರಿಪೇರಿಯಿಂದಾಗಿ ಎರಡು ಮೂರು ಕಾರ್ಖಾನೆಯವು ಬೆರೆತಿರುತ್ತವೆ. ಗಾಜಿನ ಹಂಚು ಎಲ್ಲಿ ಬರಬೇಕೋ ಅಲ್ಲಿನದೇ ಒಂದು ಹಂಚನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ, ಅಲ್ಲಿಯೇ ನೆಲದ ಮೇಲೆ ಜೋಡಿಸಿ ನೋಡಿ. ತೋಡಿನೊಳಗೆ ತುಟಿ ಅಲುಗಾಡಿದರೆ ಅಥವಾ ಎದ್ದು ನಿಂತರೆ ತರಬೇಡಿ. ಎರಡು ಮಿಲಿಮೀಟರ್ ಎದ್ದು ನಿಂತ ಹಂಚಿನ ಅಡಿಯಿಂದ ಆಟಿಯ ಮಳೆ ಒಳಗೆ ಬಂದೇ ಬರುತ್ತದೆ. ಸಿಮೆಂಟು ಮೆತ್ತಿ ಸರಿಮಾಡುತ್ತೇನೆ ಎನ್ನುವ ಮೇಸ್ತ್ರಿಯ ಮಾತಿಗೂ ಒಪ್ಪಬೇಡಿ. ಬಿಸಿಲಿಗೆ ಗಾಜು ಮತ್ತು ಮಣ್ಣು ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಮೆತ್ತಿದ ಸಿಮೆಂಟು ಬಿರಿಯುತ್ತದೆ.

ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹಂಚು ಹಿಡಿಯುತ್ತದೆ. ನಾಲ್ಕು ಗಾಜಿನ ಹಂಚೆಂದರೆ ಕಾಲು ಚದರ ಮೀಟರಿಗೂ ಸ್ವಲ್ಪ ಜಾಸ್ತಿ. ಓಡಾಡಲು, ಪೆಟ್ಟಿಗೆ ಹುಡುಕಲು ಇಷ್ಟು ಬೆಳಕು ಸಾಕು. ಓದುವ ಮೇಜಿಗಾದರೆ ಅವನ್ನು ಮೇಜಿನ ನೇರ ಮೇಲೆ, ಸ್ವಲ್ಪ ಎಡಕ್ಕೆ ಬರುವಂತೆ ಹಾಕಿಸಿ. ನಾಲ್ಕನ್ನೂ ಒಟ್ಟಿಗೆ ಗುಂಪು ಮಾಡುವ ಬದಲು ಚದುರಿಸಿ ಇಟ್ಟರೆ ಕಣ್ಣು ಕುಕ್ಕುವುದಿಲ್ಲ. ಹಂಚಿನ ಕೆಳಗೆ ಮುಚ್ಚಿಗೆಯೋ ಒಳಹಂಚೋ ಇದ್ದರೆ ಅಲ್ಲಿಯೂ ಅಷ್ಟೇ ಜಾಗ ಬಿಡಿಸಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಅಗ್ಗದ ಪ್ಲಾಸ್ಟಿಕ್ ಹಂಚು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಪುಡಿಯಾಗುತ್ತದೆ. ಪಾಲಿಕಾರ್ಬೊನೇಟ್ ಆದರೆ ಯುವಿ ಲೇಪವಿರುವ ಮೈ ಮೇಲಕ್ಕಿರಬೇಕು. ಯಾವ ಮೈ ಎಂಬುದನ್ನು ಅದರ ಪ್ಲಾಸ್ಟಿಕ್ ಪೊರೆಯ ಮೇಲೆ ಬರೆದಿರುತ್ತದೆ, ಪೊರೆ ಕಿತ್ತು ಬಿಸಾಡಿದ ಮೇಲೆ ಹೇಳುವವರಿಲ್ಲ.

ಕಿಟಕಿಯೇ ಬೇಕೆಂದರೆ

ಮೊದಲು ಮರ ನೋಡಿ. ಹೊಗೆ ನಿಂತು ಹತ್ತಿಪ್ಪತ್ತು ವರ್ಷವಾದ ಅಟ್ಟದಲ್ಲಿ ತೆಂಗಿನ ಪಕ್ಕಾಸು, ಅಡ್ಡತೊಲೆಗಳಿಗೆ ಕುಟ್ಟೆ ಹತ್ತಿರಬಹುದು. ಸ್ಕ್ರೂಡ್ರೈವರಿನಿಂದ ಚುಚ್ಚಿ, ಸುತ್ತಿಗೆಯ ಹಿಡಿಯಿಂದ ತಟ್ಟಿ. ಟೊಳ್ಳು ಸದ್ದು ಬಂದರೆ, ರೀಪಿನ ಕೆಳಗೆ ಹಿಟ್ಟು ಉದುರಿದ್ದರೆ, ಕಿಟಕಿಯ ಮಾತು ಬದಿಗಿಟ್ಟು ಆ ಹಣ ಮರಕ್ಕೆ ಹಾಕಿ. ಹಂಚಿನ ಭಾರ ಹೊತ್ತ ಪಕ್ಕಾಸನ್ನು ಕಡಿಯುವ ಮುಂಚೆ ಆಚಾರಿಯನ್ನು ಕರೆಯಬೇಕು. ಅಲ್ಯುಮಿನಿಯಂ ಕೆಲಸದವನು ಆಮೇಲೆ ಬರಲಿ.

ಕಡಿಯದೆ ಇರುವುದೇ ಉತ್ತಮ. ಎರಡು ಪಕ್ಕಾಸುಗಳ ನಡುವಿನ ಅಂತರ ಅಳೆದು, ಅದರೊಳಗೆ ಕೂರುವ ಕಿರಿದಾದ, ಉದ್ದದ ಕಿಟಕಿ ಆರಿಸಿಕೊಳ್ಳಿ. ಒಂದನ್ನು ಕಡಿಯಲೇಬೇಕಾದರೆ ಎರಡೂ ಬದಿಯ ಪಕ್ಕಾಸಿಗೆ ಜೋಡಿ ಮರ ಕೊಟ್ಟು, ಕಡಿದ ತುದಿಗಳನ್ನು ಮೇಲೂ ಕೆಳಗೂ ಅಡ್ಡಮರಕ್ಕೆ ಸೇರಿಸಬೇಕು. ಇದನ್ನು ಮಾಡದೆ ಇಟ್ಟ ಕಿಟಕಿಯ ಮೇಲ್ಗಡೆ ಹಂಚು ನಿಧಾನಕ್ಕೆ ಜೋತುಬೀಳುತ್ತದೆ.

ಕಿಟಕಿಯ ಬಗೆಗಳಲ್ಲಿ ಮುಖ್ಯವಾದವು ಎರಡು. ನಡುವಿನಲ್ಲಿ ತಿರುಗುವಂಥದ್ದು, ಮೇಲಿನ ಅಂಚಿಗೆ ತಿರುಗಣಿಯಿದ್ದು ಹೊರಗೆ ತಳ್ಳಿ ತೆರೆಯುವಂಥದ್ದು. ಮೊದಲನೆಯದರ ಹಿಡಿ ಮೇಲಿರುತ್ತದೆ, ಕೆಳಗೆ ಮೇಜು ಹಾಕಿಕೊಳ್ಳಬಹುದು, ಗಾಜನ್ನು ಪೂರ್ತಿ ಮಗುಚಿ ಒಳಗಿನಿಂದಲೇ ತೊಳೆಯಬಹುದು. ಎರಡನೆಯದು ತೆರೆದಾಗ ಚಪ್ಪರದ ಹಾಗೆ ನಿಲ್ಲುತ್ತದೆ, ಗಾಳಿಯಿಲ್ಲದ ಮಳೆಗೆ ತೆರೆದೇ ಇಡಬಹುದು. ನಮ್ಮ ಹವೆಗೆ ನನ್ನ ಮತ ಎರಡನೆಯದಕ್ಕೆ. ಆದರೆ ಮಳೆಗಾಲದ ಮೂರು ತಿಂಗಳು ಯಾವುದನ್ನೂ ಪೂರ್ತಿ ತೆರೆಯುವ ಹಾಗಿಲ್ಲ. ಮುಚ್ಚಿದಾಗಲೂ ಗಾಳಿಯಾಡುವ ಸಣ್ಣ ರೆಪ್ಪೆಯಿರುವ ಮಾದರಿ ಸಿಕ್ಕಿದರೆ ಸ್ವಲ್ಪ ಹೆಚ್ಚು ಕೊಟ್ಟರೂ ಅಡ್ಡಿಯಿಲ್ಲ. ಇಲ್ಲವಾದರೆ ಆ ತಿಂಗಳುಗಳಲ್ಲಿ ಅಟ್ಟದ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ.

ಕಿಟಕಿಯನ್ನು ಕೋಡಿಗೆ ಆದಷ್ಟು ಹತ್ತಿರ ಇಡಿ. ಕಾದ ಗಾಳಿ ಸೇರುವುದು ಅಲ್ಲಿ. ಕೆಳಗಿನಿಂದ ತಂಪು ಗಾಳಿ ಬರಲು ದಾರಿಯಿಲ್ಲದಿದ್ದರೆ ಮೇಲಿನ ಕಿಟಕಿ ತೆರೆದೂ ಪ್ರಯೋಜನವಿಲ್ಲ, ಹಾಗಾಗಿ ಏಣಿಯ ಬಾಯಿಯನ್ನು ಹಲಗೆಯಿಂದ ಮುಚ್ಚುವ ಬದಲು ಮರದ ಸರಳಿನ ಬಾಗಿಲು ಮಾಡಿಸಿ. ಸೂರಿನ ಕೆಳಗೆ ಗೋಡೆಯ ತಲೆಯಲ್ಲಿ ಒಂದೆರಡು ಜಾಲಿ ಕೊಟ್ಟರೆ ಇನ್ನೂ ಒಳ್ಳೆಯದು.

ಗಾಜಿನ ವಿಷಯದಲ್ಲಿ ಚೌಕಾಸಿ ಬೇಡ. ತಲೆಯ ಮೇಲಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು, ಅಂದರೆ ಎರಡು ಗಾಜಿನ ನಡುವೆ ಅಂಟಿನ ಪೊರೆಯಿದ್ದು, ಒಡೆದರೂ ಚೂರು ಅಲ್ಲೇ ಅಂಟಿಕೊಂಡು ನಿಲ್ಲುವಂಥದ್ದು. ಟಫನ್ಡ್ ಗಾಜು ಗಟ್ಟಿ, ಆದರೆ ಒಡೆದಾಗ ಸಾವಿರ ಚೂರಾಗಿ ಕೆಳಗೆ ಸುರಿಯುತ್ತದೆ. ಎರಡು ಪದರದ ಕಿಟಕಿಯಾದರೆ ಹೊರಗಿನದು ಟಫನ್ಡ್, ಒಳಗಿನದು ಲ್ಯಾಮಿನೇಟೆಡ್ ಇರಲಿ. ಗಾಜಿನ ಮೂಲೆಯಲ್ಲಿ ಐಎಸ್ 2553 ಎಂಬ ಗುರುತಿದೆಯೇ ನೋಡಿ. ತೆಂಗಿನ ಮರದ ಬುಡದಲ್ಲೇ ಮನೆ ಇರುವ ಊರಿದು. ಮರದ ತಲೆ ಮಾಡಿನ ಮೇಲೆ ವಾಲಿದ್ದರೆ ಕಿಟಕಿಯ ಜಾಗ ಬದಲಿಸಿ, ಯಾವ ಗಾಜೂ ಬೀಳುವ ಕಾಯಿಗೆ ತಡೆಯುತ್ತದೆಂದು ನಂಬಬೇಡಿ.

ಬಿಸಿಲಿಗೆ ಒಳಗಿನ ಪರದೆ ಅರ್ಧ ಉಪಾಯ; ಶಾಖ ಆಗಲೇ ಗಾಜು ದಾಟಿರುತ್ತದೆ. ನೆರಳು ಗಾಜಿನ ಹೊರಗೆ ಬೇಕು. ವಿದೇಶಿ ಕಂಪೆನಿಯ ಹೊರಪರದೆ ದುಬಾರಿಯಾದರೆ ನರ್ಸರಿಗಳಿಗೆ ಹಾಕುವ ಹಸಿರು ನೆರಳುಬಲೆಯನ್ನು ಚೌಕಟ್ಟಿಗೆ ಕಟ್ಟಿ ಮಾರ್ಚ್‌ನಲ್ಲಿ ಏರಿಸಿ, ಮಳೆಗೆ ಮುಂಚೆ ಇಳಿಸಿ.

ಇನ್ನೊಂದು ಮಾತು, ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾದದ್ದು. ಊರಿನ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಗೋಡೆಗೆಂದು ಮಾಡುವ ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಯನ್ನು ಮಾಡಿನ ಮೇಲೆ ಮಲಗಿಸಬೇಡಿ. ಅದರ ನೀರು ಹೋಗುವ ತೂತುಗಳು ನೆಟ್ಟಗೆ ನಿಂತ ಕಿಟಕಿಗೆಂದೇ ಮಾಡಿದವು. ಮಲಗಿಸಿದರೆ ಹಳಿಯಲ್ಲಿ ನೀರು ನಿಂತು ಒಳಗೆ ಚೆಲ್ಲುತ್ತದೆ.

ನೀರಿನ ಲೆಕ್ಕ

ಮಾಡಿನ ಕಿಟಕಿ ಗಾಜಿನಿಂದ ಸೋರುವುದು ಅಪರೂಪ. ಸೋರುವುದು ಅದರ ಮೇಲಿನ ಅಂಚಿನಿಂದ. ಕಿಟಕಿಯ ಮೇಲೆ ಕೋಡಿನವರೆಗೆ ನಾಲ್ಕು ಮೀಟರ್ ಹಂಚಿದೆ, ಕಿಟಕಿ 80 ಸೆಂಟಿಮೀಟರ್ ಅಗಲವಿದೆ ಎಂದಿಟ್ಟುಕೊಳ್ಳಿ. ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ, ಜುಲೈಯಲ್ಲಿ ಅದೇನೂ ಅಪರೂಪವಲ್ಲ, ಆ ಒಂದು ಅಂಚಿಗೆ ಬಂದು ಬಡಿಯುವ ನೀರು ಸುಮಾರು 280 ಲೀಟರ್. ಅದು ನಿಲ್ಲದೆ ಎರಡು ಪಕ್ಕಕ್ಕೆ ಹರಿದುಹೋಗಬೇಕು. ಕೋಡಿನ ಹತ್ತಿರ ಇಡಿ ಎಂದದ್ದಕ್ಕೆ ಇದೂ ಒಂದು ಕಾರಣ: ಮೇಲೆ ಹಂಚು ಕಡಿಮೆಯಾದಷ್ಟೂ ನೀರು ಕಡಿಮೆ.

ಕಿಟಕಿಯ ಸುತ್ತ ಕೂರುವ ತಗಡಿನ ಕೆಲಸಕ್ಕೆ ಫ್ಲಾಶಿಂಗ್ ಎನ್ನುತ್ತಾರೆ. ಕಂಪೆನಿಯ ಕಿಟಕಿಯಾದರೆ ಫ್ಲಾಶಿಂಗ್ ಬೇರೆಯಾಗಿ ಕೊಳ್ಳಬೇಕು. ಸಪಾಟು ಹಂಚಿಗೊಂದು, ನಮ್ಮಂಥ ಏರುತಗ್ಗಿನ ಹಂಚಿಗೊಂದು ಎಂದು ಎರಡು ಬಗೆ. ಮಂಗಳೂರಿಗೋ ಕೊಚ್ಚಿಗೋ ಆರ್ಡರ್ ಕೊಡುವಾಗ ಹಂಚಿನ ಫೋಟೋ ಕಳುಹಿಸಿ. ಮಾಡಿನ ಇಳಿಜಾರನ್ನೂ ಅಳೆದು ಹೇಳಿ. ಸಾಮಾನ್ಯವಾಗಿ ಈ ಕಿಟಕಿಗಳು 15 ಡಿಗ್ರಿಗಿಂತ ಕಡಿಮೆ ಇಳಿಜಾರಿಗೆ ಒಗ್ಗುವುದಿಲ್ಲ. ಮುಂಭಾಗದ ಚಾವಡಿಗೆ ಇಳಿಸಿ ಕಟ್ಟಿದ ಮಾಡು ಅಷ್ಟು ಇಳಿಜಾರಿದೆಯೇ ಎಂಬುದು ನೋಡಬೇಕಾದ ವಿಷಯ.

ಜೋಡಿಸುವ ಕ್ರಮ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಮೊದಲು ಚೌಕಟ್ಟನ್ನು ಕೂರಿಸಿ ಎರಡು ಕರ್ಣಗಳನ್ನೂ ಟೇಪಿನಲ್ಲಿ ಅಳೆಯಬೇಕು. ಎರಡೂ ಒಂದೇ ಬಂದರೆ ಚೌಕ ಸರಿಯಿದೆ, ಇಲ್ಲವಾದರೆ ಬಾಗಿಲು ಮುಂದೆಂದೂ ಸರಿಯಾಗಿ ಮುಚ್ಚುವುದಿಲ್ಲ. ಆಮೇಲೆ ಕೆಳಗಿನ ತಗಡು. ಅದು ಕೆಳಸಾಲಿನ ಹಂಚಿನ ಮೇಲೆ ಹೊದ್ದುಕೊಳ್ಳಬೇಕು. ಬದಿಯ ತಗಡುಗಳ ತುದಿ ಅದರ ಮೇಲೆ ಬರಬೇಕು. ಕೊನೆಗೆ ಮೇಲಿನದು, ಅದು ಮಾತ್ರ ಮೇಲ್ಸಾಲಿನ ಹಂಚಿನ ಅಡಿಗೆ ನುಗ್ಗಬೇಕು. ಮೇಲ್ಸಾಲಿನ ಹಂಚು ಕಿಟಕಿಗೆ ತಾಗಿಕೊಂಡಿರಬಾರದು. ನಾಲ್ಕು ಬೆರಳಿನಷ್ಟು ಬರಿಯ ತಗಡು ಕಾಣುತ್ತಿರಲಿ. ಅಲ್ಲಿ ಎಲೆ ಕಸ ಸಿಕ್ಕಿಕೊಳ್ಳದೆ ನೀರು ಬದಿಗೆ ಹರಿಯುತ್ತದೆ. ನಡುವೆ ಸ್ವಲ್ಪ ಎತ್ತರಿಸಿ ಎರಡು ಕಡೆಗೆ ಇಳಿಜಾರು ಕೊಟ್ಟರೆ ಇನ್ನೂ ಚೆನ್ನ.

ಸಿಲಿಕಾನ್ ಅಂಟು ಈ ಕೆಲಸಕ್ಕೆ ಪರ್ಯಾಯವಲ್ಲ. ಹುಳಿ ವಾಸನೆಯ ಅಗ್ಗದ ಸಿಲಿಕಾನ್ ತಗಡನ್ನು ತಿನ್ನುತ್ತದೆ, ಸಿಮೆಂಟಿಗೆ ಹಿಡಿಯುವುದೂ ಇಲ್ಲ. ಬೇಕಾದ ಕಡೆ ನ್ಯೂಟ್ರಲ್ ಬಗೆಯದನ್ನೇ ಕೇಳಿ ತನ್ನಿ. ಕಡಲಿನ ಉಪ್ಪುಗಾಳಿಗೆ ಸಾದಾ ಜಿಐ ಮೊಳೆ ಬೇಗನೆ ತುಕ್ಕು ಹಿಡಿಯುತ್ತದೆ. ರೈಲುಹಳಿಯ ಪಶ್ಚಿಮಕ್ಕಿರುವ ಮನೆಗಳಿಗೆ 316 ದರ್ಜೆಯ ಸ್ಟೀಲ್ ಸ್ಕ್ರೂ ಹಾಕಿಸುವುದು ದುಂದು ಎನಿಸಲಾರದು. ಅಲ್ಯುಮಿನಿಯಂಗೆ ತಾಮ್ರದ ತಗಡು ತಾಗದಿರಲಿ, ಹಸಿ ಸಿಮೆಂಟೂ ತಾಗದಿರಲಿ. ಎರಡೂ ಅದನ್ನು ಕೊರೆಯುತ್ತವೆ.

ಕಾಂಕ್ರೀಟಿನ ಇಳಿಜಾರು ಸ್ಲಾಬಿನ ಮೇಲೆ ಅಂದಕ್ಕೆ ಹಂಚು ಹೊದೆಸಿದ ಹೊಸ ಮನೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಕಿಟಕಿಯ ಜಾಗವನ್ನು ಸ್ಲಾಬು ಹಾಕುವಾಗಲೇ ಬಿಟ್ಟು, ಸುತ್ತ 15 ಸೆಂಟಿಮೀಟರ್ ಎತ್ತರದ ಕಟ್ಟೆ ಎಬ್ಬಿಸಿರಬೇಕು. ಆಗಲೇ ಆಗಿಹೋದ ಸ್ಲಾಬನ್ನು ಕೊರೆದು ಕಬ್ಬಿಣ ಕಡಿಯುವುದು ಎಂಜಿನಿಯರ್ ಬಂದು ನೋಡದೆ ಮಾಡುವ ಕೆಲಸವಲ್ಲ. ತಾರಸಿಯ ಮೇಲೆ ಕಬ್ಬಿಣದ ಟ್ರಸ್ ಎಬ್ಬಿಸಿ ಶೀಟು ಹಾಸಿದವರಿಗಂತೂ ಕಿಟಕಿ ಅನವಶ್ಯಕ, ಒಂದೆರಡು ಪಾರದರ್ಶಕ ಶೀಟು ಸಾಕು. ಮೂರು ಮೀಟರ್ ಪಾಲಿಕಾರ್ಬೊನೇಟ್ ಶೀಟು 30 ಡಿಗ್ರಿ ಬಿಸಿಯೇರಿದಾಗ ಹತ್ತಿರ ಹತ್ತಿರ ಆರು ಮಿಲಿಮೀಟರ್ ಉದ್ದವಾಗುತ್ತದೆ. ಸ್ಕ್ರೂವಿಗಿಂತ ತೂತು ದೊಡ್ಡದಿರಲಿ, ಇಲ್ಲದಿದ್ದರೆ ತೂತಿನ ಬದಿಯಿಂದಲೇ ಶೀಟು ಸೀಳುತ್ತದೆ.

ಅಟ್ಟವನ್ನು ವಾಸದ ಕೋಣೆ ಮಾಡುವ ಮೊದಲು ಪಂಚಾಯತಿನಲ್ಲಿ ಒಂದು ಮಾತು ಕೇಳಿಕೊಳ್ಳಿ. ಕೇರಳದಲ್ಲಿ ಮನೆ ತೆರಿಗೆ ಕಟ್ಟಡದ ವಿಸ್ತೀರ್ಣವನ್ನು ಹೊಂದಿಕೊಂಡಿದೆ. ಕಟ್ಟಡ ನಿಯಮಗಳನ್ನು 2019ರಲ್ಲಿ ಹೊಸದಾಗಿ ಬರೆದಿದ್ದಾರೆ.

ಕೆಲಸಕ್ಕೆ ಸರಿಯಾದ ಕಾಲ ಜನವರಿಯಿಂದ ಮಾರ್ಚ್. ಏಪ್ರಿಲ್‌ನಲ್ಲಿ ಹಂಚಿನ ಮೇಲೆ ಕೈಯಿಡಲಾಗದು. ಮೇ ತಿಂಗಳಲ್ಲಿ ಊರಿನ ಹಂಚು ಕೆಲಸದವರೆಲ್ಲ ಮಳೆಗೆ ಮುಂಚಿನ ಕೈಯಾಡಿಸುವ ಕೆಲಸದಲ್ಲಿರುತ್ತಾರೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ನೀರು ಬಿಟ್ಟು ನೋಡುವ ಪರೀಕ್ಷೆಯೂ ಮುಗಿದಿರಬೇಕು. ಕೆಲಸದವನು ಹಂಚಿನ ನಡುವೆ ಕಾಲಿಡದೆ, ಪಕ್ಕಾಸಿನ ನೇರಕ್ಕೆ ಅಡ್ಡಹಾಕಿದ ಏಣಿಯ ಮೇಲೆಯೇ ಓಡಾಡಲಿ, ಸೊಂಟಕ್ಕೆ ಹಗ್ಗ ಇರಲಿ. ಗಾಜಿನ ಹಂಚಿನ ಜಾಗ ಅವನಿಗೆ ಮೊದಲೇ ತೋರಿಸಿ. ಪಾಚಿ ಹಿಡಿದ ಗಾಜು ಮೇಲಿನಿಂದ ಮಣ್ಣಿನ ಹಂಚಿನ ಹಾಗೆಯೇ ಕಾಣುತ್ತದೆ.

ಪರೀಕ್ಷೆಗೆ ತೋಟದ ಪೈಪು ಸಾಕು. ಒಬ್ಬರು ಒಳಗೆ ಟಾರ್ಚು ಹಿಡಿದು ಕೂತಿರಬೇಕು. ಹೊರಗಿನವರು ಮೊದಲು ಕಿಟಕಿಯ ಕೆಳಗಿನ ಅಂಚಿಗೆ ಹತ್ತು ನಿಮಿಷ ನೀರು ಬಿಡಲಿ, ಆಮೇಲೆ ಬದಿಗಳಿಗೆ, ಕೊನೆಗೆ ಮೇಲಿನ ಹಂಚಿಗೆ. ನೇರ ಮೇಲಿನಿಂದ ಶುರುಮಾಡಿದರೆ ಎಲ್ಲ ಕಡೆ ಒಟ್ಟಿಗೆ ಒದ್ದೆಯಾಗಿ, ಸೋರಿದ್ದು ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ಮೇಸ್ತ್ರಿಯ ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆಯವರೆಗೆ ಇಟ್ಟುಕೊಳ್ಳಿ, ಸಾಧ್ಯವಾದರೆ ಅದರಲ್ಲಿ ಒಂದು ಪಾಲನ್ನು ಮೊದಲ ಎರಡು ಜೋರು ಮಳೆ ಕಳೆಯುವವರೆಗೆ.